ಬ್ರೇಕು ಆರುವ ತನಕ

“ಏನೋ ಸುಟ್ಟ ವಾಸನೆ ಬರ್ತಿದೆ ಅಲ್ವಾ?” ಪಕ್ಕದ ಸೀಟಿನಲ್ಲಿದ್ದವನು ಕಿಟಕಿಯ ಗಾಜನ್ನು ಅರ್ಧ ಇಳಿಸಿ ಮೂಗು ಹೊರಗೆ ಹಾಕಿದ.

ಕಾರು ಓಡಿಸುತ್ತಿದ್ದ ಅವಳ ಮೂಗಿಗೆ ಅದು ಎರಡು ತಿರುವಿನ ಹಿಂದೆಯೇ ಬಡಿದಿತ್ತು. ಗುಡ್ಡದ ಮೇಲಿನ ಆಸ್ಪತ್ರೆಯಿಂದ ಕೆಳಗೆ ಊರಿಗೆ ಇಳಿಯುವ ರಸ್ತೆ ಸುರುಳಿ ಸುತ್ತಿಕೊಂಡು ಹೋಗುತ್ತದೆ. ತಿರುವು ತಿರುವಿಗೂ ಬ್ರೇಕು ಒತ್ತಲೇಬೇಕು. ಒತ್ತಿದಾಗೆಲ್ಲ ಮುಂದಿನ ಚಕ್ರದ ಕಡೆಯಿಂದ, ಹಳೇ ರಬ್ಬರ್ ಚಪ್ಪಲಿಯನ್ನು ಒಲೆಗೆ ಹಾಕಿದಂಥ ಕಮಟು ನುಗ್ಗಿ ಬರುತ್ತಿತ್ತು.

ಅದೇನೆಂದೂ ಅವಳಿಗೆ ಗೊತ್ತಿತ್ತು. ಬೆಳಿಗ್ಗೆ ಕೀಲಿ ಕೈಗಿಡುವಾಗ ಮೆಕ್ಯಾನಿಕ್ಕು ಬಿಡಿಸಿ ಹೇಳಿದ್ದ. “ಅಕ್ಕಾ, ಬ್ರೇಕಿಗೆ ಹೊಸ ಪ್ಯಾಡು, ಹೊಸ ಡಿಸ್ಕು. ಒಂದಕ್ಕೊಂದು ಹೊಂದ್ಕೊಳ್ಳೋ ತನಕ ಸ್ವಲ್ಪ ಸುಟ್ಟ ವಾಸನೆ ಇರುತ್ತೆ. ಹೊಸ ಸೊಸೆ ಬಂದ ಮನೆ ಥರ ಅಂದ್ಕೊಳ್ಳಿ. ಗಾಬರಿಯಾಗ್ಬೇಡಿ, ಗಾಡಿ ನಿಲ್ಲಿಸೋದೂ ಬೇಡ.”

ಈಗ ಹೇಳಬೇಕಾಗಿದ್ದುದು ಒಂದೇ ಮಾತು. ‘ಹೊಸ ಬ್ರೇಕಲ್ವಾ, ಹಾಗೇ ಬರುತ್ತೆ.’ ಅದು ನಾಲಿಗೆಯ ತುದಿಗೆ ಬಂದೂ ಬಂತು. ಆದರೆ ಮುಂದಿನ ತಿರುವಿನಲ್ಲಿ, ತಗ್ಗು ಗೋಡೆ ಕಟ್ಟಿದ ಅಗಲವಾದ ಜಾಗ ಕಂಡದ್ದೇ ಅವಳ ಕೈ ತಾನಾಗಿ ಸ್ಟೀರಿಂಗನ್ನು ಎಡಕ್ಕೆ ಎಳೆಯಿತು.

“ಸ್ವಲ್ಪ ಆರೋಕ್ಕೆ ಬಿಡೋಣ. ಇಳಿಜಾರಲ್ಲಿ ಬ್ರೇಕಿನ ಜೊತೆ ಹುಡುಗಾಟ ಬೇಡ,” ಅಂದಳು.

ಅವನು ತಲೆಯಾಡಿಸಿದ. ಆಸ್ಪತ್ರೆಯಲ್ಲಿ ಅವನು ಎಕ್ಸ್‌ರೇ ತೆಗೆಯುವವನು. ದಿನವಿಡೀ ‘ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ’ ಎನ್ನುತ್ತಿದ್ದುದರಿಂದ ಬೆನ್ನ ಹಿಂದೆ ಎಲ್ಲರಿಗೂ ಅವನು ಉಸಿರಪ್ಪ. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು; ಒಬ್ಬಳೇ ಮಗಳು ದೂರದ ಊರಿನಲ್ಲಿ ಕೆಲಸಕ್ಕಿದ್ದಳು. ಆ ಊರಿನ ಆಸ್ಪತ್ರೆಗೆ ಅವನಿಗೆ ವರ್ಗವಾಗಿತ್ತು. ಇವತ್ತು ಅವನ ಕಡೆಯ ದಿನ. ಮಧ್ಯಾಹ್ನ ಊಟದ ಕೋಣೆಯಲ್ಲಿ ಬೀಳ್ಕೊಡುಗೆ ನಡೆದಾಗ ವಾರ್ಡಿನವರು ಅವನ ದನಿಯನ್ನು ಅಣಕಿಸಿ ಎಲ್ಲರನ್ನೂ ನಗಿಸಿದ್ದರು. ಅವಳು ಬಾಗಿಲ ಹತ್ತಿರ ನಿಂತು, ಉಳಿದವರು ಚಪ್ಪಾಳೆ ತಟ್ಟಿದಾಗ ತಾನೂ ತಟ್ಟಿದ್ದಳು.

ಅವಳದು ಆಸ್ಪತ್ರೆಯ ಹೊಲಿಗೆ ಕೋಣೆ. ಹರಿದ ಹೊದಿಕೆ, ಲಾಡಿ ಕಿತ್ತ ಗೌನು, ಡಾಕ್ಟರುಗಳ ಕೋಟು, ಎಲ್ಲ ಅವಳ ಮೆಷಿನ್ನಿನ ಕೆಳಗೇ ಹಾದು ಹೋಗಬೇಕು. ಗಂಡ ಎನ್ನಿಸಿಕೊಂಡವನು ಹೇಳದೆ ಕೇಳದೆ ಬೇರೊಬ್ಬಳ ಜೊತೆ ಹೋದ ಮೇಲೆ, ಅವಳು ತನ್ನನ್ನು ಸಾಕಿದ ಸೋದರತ್ತೆಯ ಮನೆಗೇ ಮರಳಿದ್ದಳು. ಎರಡು ವರ್ಷದ ಹಿಂದೆ ಕಷ್ಟಪಟ್ಟು ಈ ಹಳೇ ಕಾರು ಕೊಂಡಳು. ಅದೇ ವಾರ ಬಸ್ಸು ಕೈಕೊಟ್ಟು ಗುಡ್ಡದ ಬುಡದಲ್ಲಿ ನಿಂತಿದ್ದ ಉಸಿರಪ್ಪನನ್ನು ಹತ್ತಿಸಿಕೊಂಡಿದ್ದಳು. ಅಂದಿನಿಂದ ಆ ಸೀಟು ಅವನದಾಯಿತು. “ಅದರ ಮೇಲೆ ಅವನ ಹೆಸರು ಬರೆಸಿಬಿಡು,” ಎಂದು ಅತ್ತೆ ಆಗಾಗ ಕುಟುಕುತ್ತಿದ್ದಳು. ಹಾಗೆ ಕುಟುಕುವುದರಲ್ಲಿ ಆಸೆಯೂ ಇತ್ತು, ಅಂಜಿಕೆಯೂ ಇತ್ತು.

ಬ್ರೇಕು ಹಾಕಿಸಿದ್ದೂ ಅವನ ಕಾಟಕ್ಕೇ. ಬೇಸಿಗೆಯಿಂದ ಅದು ಕಿರ್ ಎನ್ನುತ್ತಿತ್ತು. ಅವಳು ಇವತ್ತು ನಾಳೆ ಎಂದು ತಳ್ಳಿಕೊಂಡು ಬಂದಿದ್ದಳು. ವರ್ಗದ ಸುದ್ದಿ ಬಂದ ಮೇಲೆ ಅವನು ದಿನಾ ಒಂದೇ ರಾಗ: “ನಾನು ಹೋಗೋದ್ರೊಳಗೆ ಬ್ರೇಕ್ ಮಾಡಿಸಿ. ಆಮೇಲೆ ಹೇಳೋರು ಯಾರೂ ಇರಲ್ಲ.”

ಇಬ್ಬರೂ ಇಳಿದರು. ಅವನು ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತು, ಅದಕ್ಕೂ ಎದೆ ನೋವೇನೋ ಎಂಬಂತೆ ಗಂಭೀರವಾಗಿ ನೋಡಿದ. ಅವನಿಗೆ ಕಾರಿನ ಬಗ್ಗೆ ಏನೂ ತಿಳಿಯದು. ಆಮೇಲೆ ಬಂದು ತಗ್ಗು ಗೋಡೆಯ ಮೇಲೆ ಅವಳಿಂದ ಒಂದು ಮೊಳ ದೂರದಲ್ಲಿ ಕೂತ. ಎರಡು ವರ್ಷ ಅಕ್ಕಪಕ್ಕ ಕೂತಿದ್ದರೂ ಕಣ್ಣು ಸದಾ ರಸ್ತೆಯ ಮೇಲೇ ಇರುತ್ತಿತ್ತು. ಹೀಗೆ ನೋಡಲು ರಸ್ತೆಯಿಲ್ಲದೆ ಕೂತದ್ದು ಇದೇ ಮೊದಲು. ಏನು ನೋಡಬೇಕೆಂದು ಇಬ್ಬರಿಗೂ ತೋಚಲಿಲ್ಲ.

ಅಷ್ಟರಲ್ಲಿ ಗ್ಯಾಸ್ ಸಿಲಿಂಡರ್ ಹೇರಿದ ಲಾರಿಯೊಂದು ಗಡಗಡ ಸದ್ದು ಮಾಡುತ್ತ ಬಂದು ಪಕ್ಕದಲ್ಲೇ ನಿಂತಿತು. ಡ್ರೈವರು ಕೆಳಗಿಳಿದ.

“ಏನಾಯ್ತು? ಬ್ರೇಕ್ ಹಿಡ್ಕೊಂತಾ?” ಎನ್ನುತ್ತ, ಯಾರೂ ಕೇಳದಿದ್ದರೂ ಚಕ್ರದ ಹತ್ತಿರ ಬಗ್ಗಿ ಮೂಸಿದ. “ಹೊಸದು ಹಾಕ್ಸಿದ್ದೀರಾ?”

“ಬೆಳಿಗ್ಗೆ,” ಅವಳ ದನಿ ಸಣ್ಣಗಾಯಿತು.

“ಮತ್ತೇನು! ಒಂದೆರಡು ದಿನ ಹೀಗೇ ನಾರುತ್ತೆ. ಹಾಕಿದವನು ಹೇಳಲಿಲ್ವಾ? ಎಲ್ಲರೂ ಹೇಳ್ತಾರೆ.”

“ಹೇಳಿದ್ದ,” ಅಂದಳು. ಸುಳ್ಳು ಹೇಳಬಹುದಿತ್ತು. ಯಾಕೋ ಬಾಯಿಗೆ ಬರಲಿಲ್ಲ.

“ಹೇಳಿದ್ನಂತೆ, ಆದ್ರೂ ನಿಲ್ಲಿಸ್ಕೊಂಡು ಕೂತಿದ್ದಾರಂತೆ,” ಡ್ರೈವರು ತನ್ನಷ್ಟಕ್ಕೆ ನಕ್ಕು ಕೈ ಒರೆಸಿಕೊಂಡ. “ಹೊರಡಿ ಹೊರಡಿ. ಏನೂ ಆಗಲ್ಲ.”

ಲಾರಿ ಹೋಯಿತು. ಅದರ ಸದ್ದು ಕೆಳಗಿನ ತಿರುವಿನಲ್ಲಿ ಕರಗಿತು. ಅವಳ ಕಿವಿಯ ತುದಿ ಬಿಸಿಯಾಗಿತ್ತು. ಕಾಲಡಿಯ ಜಲ್ಲಿಯನ್ನು ನೋಡುತ್ತಾ ಎದ್ದು ನಿಲ್ಲಲು ಹೋದಳು.

“ಇನ್ನೂ ಸ್ವಲ್ಪ ಆರಲಿ ಬಿಡಿ,” ಅಂದ ಅವನು.

ಅವಳು ಕೂತಳು.

ಅವಳಿಗೆ ಅವನ ಬಿಳಿ ಕೋಟು ನೆನಪಾಯಿತು. ತಿಂಗಳಿಗೊಮ್ಮೆಯಾದರೂ ಅವನು ಗುಂಡಿ ಕಿತ್ತಿದೆಯೆಂದು ಹೊಲಿಗೆ ಕೋಣೆಗೆ ಬರುತ್ತಿದ್ದ. ಸವೆದು ಕಿತ್ತ ದಾರದ ತುದಿ ಹಿಂಜಿರುತ್ತದೆ. ಕತ್ತರಿಸಿದ ದಾರದ ತುದಿ ಮೊಂಡಾಗಿರುತ್ತದೆ. ಅವನ ಕೋಟಿನ ದಾರ ಯಾವುದೆಂದು ಮೊದಲನೇ ಸಲವೇ ಅವಳಿಗೆ ತಿಳಿದುಹೋಗಿತ್ತು. ತಿಳಿದೂ ಸುಮ್ಮನೆ ಹೊಲಿದು ಕೊಟ್ಟಿದ್ದಳು, ಅದೂ ಸ್ವಲ್ಪ ಸಡಿಲವಾಗಿಯೇ.

“ವರ್ಗಕ್ಕೆ ನೀವೇ ಅರ್ಜಿ ಹಾಕಿದ್ದಂತೆ,” ಅಂದಳು. “ಮೇಟ್ರನ್ ಇವತ್ತು ಭಾಷಣದಲ್ಲಿ ಹೇಳಿದ್ರಲ್ಲ.”

“ಹೂಂ. ಹಾಕಿದ್ದೆ.” ಅವನು ಅಂಗೈಗಳನ್ನು ಮಂಡಿಗೆ ಉಜ್ಜಿದ. “ಮಗಳಿಗೆ ಅಲ್ಲಿ ಕೆಲಸ ಸಿಕ್ಕಿದಾಗ. ಆಗ ನಾನು ಬಸ್ಸಲ್ಲಿ ಬರ್ತಿದ್ದೆ.”

ಅವನು ಇಷ್ಟೇ ಹೇಳಿದ್ದು. ಅವಳು ಆ ಮಾತನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಹೇಳಿಕೊಂಡಳು. ಅಂದರೆ ಈ ಕಾರಿಗೂ ಮೊದಲು.

“ಬೇಡ ಅಂತ ಬರೆದುಕೊಡಕ್ಕೆ ಆಗ್ತಿರಲಿಲ್ವಾ?”

“ಬರೆದಿದ್ದೆ. ಜೇಬಲ್ಲೇ ಇಟ್ಕೊಂಡು ಓಡಾಡಿದೆ. ಅಷ್ಟರಲ್ಲಿ ಮಗಳು ಫೋನ್ ಮಾಡಿದ್ಲು. ಅಪ್ಪಾ, ಬೀದಿ ಕಡೆ ಕಿಟಕಿ ಇರೋ ರೂಮು ನಿಂಗೆ, ಬಣ್ಣ ಹೊಡೆಸ್ತಿದ್ದೀನಿ, ಯಾವ ಬಣ್ಣ ಬೇಕು ಹೇಳು ಅಂತ.” ಗೋಡೆಯ ಮೇಲಿನ ಧೂಳು ಒರೆಸುತ್ತ, “ತಾಯಿ ಇಲ್ಲದ ಮಗು. ಅವಳು ನನ್ನ ಹತ್ರ ಏನೂ ಕೇಳಿದವಳೇ ಅಲ್ಲ,” ಅಂದ.

“ಏನು ಬಣ್ಣ ಹೇಳಿದ್ರಿ?”

“ನಿಂಗಿಷ್ಟ ಬಂದದ್ದು ಹೊಡೆಸು ಅಂದೆ.”

ಕೆಳಗೆ ಊರಿನ ಮೇಲೆ ಬಿಸಿಲು ಇಳಿಯುತ್ತಿತ್ತು. ಮಹಡಿಯೊಂದರಲ್ಲಿ ಯಾರೋ ಒಣಗಿದ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಹೆಗಲಿಗೆ ಹಾಕಿಕೊಳ್ಳುತ್ತಿದ್ದರು.

“ನೀವು ಯಾವಾಗಾದ್ರೂ ಆ ಕಡೆ…” ಅವನು ಅರ್ಧಕ್ಕೇ ನಿಲ್ಲಿಸಿದ.

“ಅತ್ತೆನ ಬಿಟ್ಟು ಎಲ್ಲಿಗೆ ಹೋಗಲಿ? ಈಗೀಗ ಅವರಿಗೆ ಬಚ್ಚಲಿಗೆ ಹೋಗೋಕೂ ಕೈ ಹಿಡೀಬೇಕು.”

“ನಾನೂ ಅದನ್ನೇ ಯೋಚಿಸಿದ್ದೆ.”

“ಯೋಚಿಸಿದ್ರಾ?”

“ತುಂಬ ಸಲ.”

ಅವಳಿಗೆ ಅಷ್ಟು ಸಾಕೆನಿಸಿತು. ಮರುಗಳಿಗೆಯಲ್ಲೇ, ಅಷ್ಟು ಏನೇನೂ ಸಾಲದೆಂದೂ ಅನ್ನಿಸಿತು. ಇಬ್ಬರ ನಡುವಿನ ಒಂದು ಮೊಳ ಗೋಡೆಯ ಮೇಲೆ ಅವನ ಅಂಗೈ ಊರಿಕೊಂಡಿತ್ತು. ಅವಳು ತನ್ನದನ್ನು ಅದರ ಪಕ್ಕದಲ್ಲಿ, ಕಿರುಬೆರಳಿಗೆ ಕಿರುಬೆರಳು ತಾಗುವಷ್ಟು ಹತ್ತಿರ ಇಟ್ಟಳು. ಅವನು ಕೈ ತೆಗೆಯಲಿಲ್ಲ. ಕಲ್ಲು ಇನ್ನೂ ಹಗಲಿನ ಕಾವು ಹಿಡಿದಿತ್ತು. ಕಾರುಗಳು ಹಾದು ಹೋದವು. ಒಬ್ಬಿಬ್ಬರು ನಿಧಾನಿಸಿ ನೋಡಿ ಮುಂದೆ ಸಾಗಿದರು.

ಆಮೇಲೆ ಅವನೇ ಎದ್ದು ಚಕ್ರದ ಬಳಿ ಕೈ ಹಿಡಿದ. “ತಣ್ಣಗಾಗಿದೆ,” ಅಂದ. ಯಾರ ಮೇಲೋ ದೂರು ಹೇಳಿದಂತಿತ್ತು.

ಉಳಿದ ದಾರಿಯುದ್ದಕ್ಕೂ ಅವಳು ಕಾರನ್ನು ಎರಡನೇ ಗೇರಿನಲ್ಲೇ, ಆದಷ್ಟು ನಿಧಾನವಾಗಿ ಇಳಿಸಿದಳು. ವಾಸನೆ ಮತ್ತೆ ಬಂತು. ಅದರ ಸುದ್ದಿ ಯಾರೂ ಎತ್ತಲಿಲ್ಲ. ಅವನ ಬೀದಿಯ ಮನೆಗಳಲ್ಲಿ ದೀಪ ಹತ್ತಿತ್ತು. ಬಾಗಿಲು ತೆರೆದು ಒಂದು ಕಾಲು ಕೆಳಗಿಟ್ಟವನು ಪ್ರತಿ ಶನಿವಾರ ಹೇಳುವ ಮಾತನ್ನೇ, “ಸೋಮವಾರ ಬೆಳಿಗ್ಗೆ…” ಎಂದು ಶುರು ಮಾಡಿ, ಬಾಯಿ ಮುಚ್ಚಿಕೊಂಡ. ಅವಳು ಸ್ಟೀರಿಂಗನ್ನು ನೋಡುತ್ತ, “ಹೂಂ,” ಅಂದಳು. ಅವನು ಬಾಗಿಲನ್ನು ಸದ್ದಾಗದಂತೆ ಹಾಕಿ ಹೋದ.

ಅವಳು ಹೊರಡಲಿಲ್ಲ. ಬೀದಿ ಸ್ವಲ್ಪ ಇಳಿಜಾರು. ಕಾಲು ಬ್ರೇಕಿನ ಮೇಲೇ ಇತ್ತು. ಹಿಂದಿನ ದೀಪಗಳ ಕೆಂಪು, ಯಾರದೋ ಕಾಂಪೌಂಡ್ ಗೋಡೆಯ ಮೇಲೆ ಬಿದ್ದಿತ್ತು. ಅವನ ಮುಂಕೋಣೆಯಲ್ಲಿ ಬಲ್ಬು ಹತ್ತಿತು. ಪರದೆ ಬಿಚ್ಚಿ ಕಟ್ಟಿಟ್ಟಿದ್ದರಿಂದ ಕೋಣೆ ಪೂರ್ತಿ ಕಾಣುತ್ತಿತ್ತು: ಹಗ್ಗ ಬಿಗಿದ ಹಾಸಿಗೆಯ ಸುರುಳಿ, ರಟ್ಟಿನ ಪೆಟ್ಟಿಗೆಗಳು, ಬರಿಯ ಗೋಡೆ. ಅವನು ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಅವನ್ನು ಇಡುವ ಮೂಲೆಯ ಕಡೆ ನಡೆದು, ಅಲ್ಲಿದ್ದ ಚಪ್ಪಲಿ ಸ್ಟ್ಯಾಂಡು ಈಗ ಇಲ್ಲದ್ದನ್ನು ಕಂಡು ನಿಂತ. ಈಚೆ ನೋಡಿದ, ಆಚೆ ನೋಡಿದ. ಆಮೇಲೆ ಬೂಟನ್ನು ಹಾಗೇ ಹಿಡಿದುಕೊಂಡು ಕೋಣೆಯ ನಟ್ಟನಡುವೆ ನಿಂತೇ ಇದ್ದ.