ಉದ್ದ ಲೋಟದ ನೀರು

ದೊಡ್ಡವಳ ಬುದ್ಧಿ ಇನ್ನೂ ದಾರಿಯಲ್ಲಿದೆ ಎಂದು ಅಜ್ಜಿ ಹೇಳುತ್ತಿದ್ದಳು. "ನಡ್ಕೊಂಡು ಬರ್ತಿದೆ ಕಣೇ. ಎಲ್ಲೋ ಮರದ ಕೆಳಗೆ ನಿದ್ದೆ ಹೊಡೀತಿರ್ಬೇಕು."

ಹನ್ನೊಂದು ತುಂಬಿದ್ದರೂ ಶಾಲೆಯಲ್ಲಿ ಅವಳು ಕೂರುತ್ತಿದ್ದದ್ದು ಏಳು ವರ್ಷದ ತಂಗಿಯ ಬೆಂಚಿನಲ್ಲಿ. ಈ ಸಲ ಬುದ್ಧಿ ಪರೀಕ್ಷಿಸುವ ಡಾಕ್ಟರಮ್ಮ ಒಪ್ಪದಿದ್ದರೆ ಆ ಬೆಂಚೂ ಇಲ್ಲ ಎಂದು ಶಾಲೆಯವರು ಹೇಳಿಬಿಟ್ಟಿದ್ದರು.

ಅಮ್ಮ ದರ್ಜಿ. ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹಾಕಿದರಾಯಿತು ಎಂದು ನಂಬಿದವಳು. ಪರೀಕ್ಷೆಯಲ್ಲಿ ಏನು ಕೇಳುತ್ತಾರೆಂದು ಗಿರಾಕಿಯೊಬ್ಬಳಿಂದ ತಿಳಿದುಕೊಂಡಳು. ಎರಡು ಲೋಟಗಳಲ್ಲಿ ಸಮನಾಗಿ ನೀರು. ಒಂದರದನ್ನು ಉದ್ದನೆಯ ಕಿರಿದಾದ ಲೋಟಕ್ಕೆ ಸುರಿಯುತ್ತಾರೆ. ಈಗ ಯಾವುದರಲ್ಲಿ ಜಾಸ್ತಿ?

ಅಮ್ಮ ಮನೆಯಲ್ಲಿ ಹಾಗೇ ಸುರಿದು ಕೇಳಿದಾಗ ದೊಡ್ಡವಳು ಉದ್ದ ಲೋಟ ತೋರಿಸಿದಳು.

"ಅಲ್ವೇ ತಾಯಿ! ಎರಡೂ ಒಂದೇ ಅನ್ನು."

ಮಷೀನು ನಿಲ್ಲಿಸಿ ನಿಲ್ಲಿಸಿ ಅಮ್ಮ ಸುರಿದಳು. ಕತ್ತರಿಸಿಟ್ಟ ಬಟ್ಟೆಯೆಲ್ಲ ಒದ್ದೆ. ಕೊನೆಕೊನೆಗೆ ಲೋಟದ ಸದ್ದಾದರೆ ಸಾಕು, ಒಳಗಿನ ಕೋಣೆಯಿಂದಲೇ ಮಗಳ ಉತ್ತರ ಬರುತ್ತಿತ್ತು. "ಇವಳಿಗಿಂತ ಗಿಳಿ ವಾಸಿ, ನಡುನಡುವೆ ಉಸಿರಾದ್ರೂ ತಗೊಳ್ಳುತ್ತೆ," ಎಂದು ಅಜ್ಜಿ ನಕ್ಕಳು.

ಪರೀಕ್ಷೆಯ ದಿನ ಡಾಕ್ಟರಮ್ಮ ಸುರಿದರು.

"ಎರಡೂ ಒಂದೇ!"

ಅಮ್ಮನ ಮುಖ ಅರಳಿತು.

"ಹೌದಾ ಪುಟ್ಟಿ? ಹೇಗೆ ಗೊತ್ತಾಯ್ತು?"

ಮಗಳು ಅಮ್ಮನತ್ತ ನೋಡಿದಳು. ಡಾಕ್ಟರಮ್ಮ ಉದ್ದ ಲೋಟವನ್ನೆತ್ತಿ ಅರ್ಧ ನೀರು ಕುಡಿದು, ಕೆಳಗಿಟ್ಟರು. "ಈಗ?"

"ಎರಡೂ ಒಂದೇ."

ಜೊತೆಗೆ ಬಂದಿದ್ದ ತಂಗಿ ಕಿಸಕ್ಕನೆ ನಕ್ಕಳು. "ಅಯ್ಯೋ ಅಕ್ಕಾ, ಅವ್ರು ಕುಡಿದ್ಬಿಟ್ರಲ್ಲೇ!"

"ನೋಡ್ಬಿಟ್ಟು ಹೇಳು ಮಗಳೇ," ಅಮ್ಮ ಬೆರಳು ಮಾಡಿ ತೋರಿಸಿದಳು. "ಲೋಟ ನೋಡು."

ಅವಳು ಲೋಟ ನೋಡಲಿಲ್ಲ. ಅಮ್ಮನ ತುಟಿಯನ್ನೇ ನೋಡುತ್ತಾ, ಇನ್ನೂ ಜೋರಾಗಿ, ಇನ್ನೂ ಸ್ಪಷ್ಟವಾಗಿ ಅದನ್ನೇ ಹೇಳಿದಳು. ಕಲಿಸದೇ ಬಿಟ್ಟಿದ್ದರೆ ಅರ್ಧವಾದದ್ದು ಅವಳ ಕಣ್ಣಿಗೇ ಕಾಣುತ್ತಿತ್ತು. ಅದು ಅಮ್ಮನಿಗೆ ಹೊಳೆದದ್ದು ಆಗಲೇ. ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹಾಕಿದರು. "ಮನೇಲೇ ಇರ್ಲಿ ಅಮ್ಮಾ. ನಿಮ್ಮ ಜೊತೆ ಗುಂಡಿ ಹೊಲಿಯೋದು ಕಲೀಲಿ."

ಬೀದಿಯಲ್ಲಿ ದೊಡ್ಡವಳು ತಂಗಿಯ ಕೈ ಜಗ್ಗಿದಳು. "ಸರಿಯಾಗ್ ಹೇಳಿದ್ನೇನೇ?"

ತಂಗಿ ಅಕ್ಕನನ್ನು ನೋಡಿದಳು, ಅಮ್ಮನ ಕಣ್ಣು ನೋಡಿದಳು. ಒಂದು ಗಳಿಗೆ ಯೋಚಿಸಿದಳು.

"ಹ್ಞೂಂ ಅಕ್ಕಾ. ತುಂಬಾ ಚೆನ್ನಾಗ್ ಹೇಳ್ದೆ."

ತೊಟ್ಟಿಲ ಕೂಸನ್ನು ಸಮಾಧಾನ ಮಾಡುವ ದನಿ ಅದು. ಚಿಕ್ಕವಳ ಬಾಯಲ್ಲಿ ಅಮ್ಮ ಅದನ್ನು ಅದೇ ಮೊದಲು ಕೇಳಿದ್ದು. ದೊಡ್ಡವಳು ಖುಷಿಯಿಂದ ಕುಣಿಯುತ್ತಾ ಮುಂದೆ ಓಡಿದಳು.