ಖಾಲಿ ಇಲ್ಲ

"ಖಾಲಿ ಇಲ್ಲ ಅಂತ ಬರಬೇಕ್ರಿ. ಆದ್ರ ಖಾಲಿ ಇರಬೇಕು," ಎಂದರು ಶಿವಯೋಗಿ.

ಕ್ರಾಂತಿಕುಮಾರ್ ಲ್ಯಾಪ್‌ಟಾಪಿನಿಂದ ಕಣ್ಣೆತ್ತಲಿಲ್ಲ. "ಎಲ್ಲರಿಗೂ?"

"ಎಲ್ಲಾರಿಗೂ ಅಂದ್ರ ನಾನು ಕಲ್ಯಾಣ ಮಂಟಪಕ್ಕ ಬೀಗ ಜಡಿಬೇಕಾಗ್ತೈತಿ ಕುಮಾರ್ ಸರ್." ಶಿವಯೋಗಿ ತಮ್ಮ ಮಾತಿಗೆ ತಾವೇ ನಕ್ಕರು. "ಕೆಲವರಿಗೆ."

ಕೆಲವರು ಯಾರು ಎಂದು ಅವನು ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದೆ. ಉತ್ತರ ಬಂದರೆ ಅದನ್ನು ಕೇಳಿಸಿಕೊಂಡವನ ಮುಖ ಹೇಗಿರಬೇಕೋ ಹಾಗೆ ಇಟ್ಟುಕೊಳ್ಳಬೇಕು.

ಹಗರಿಬೊಮ್ಮನಹಳ್ಳಿಯ ಆ ಕಲ್ಯಾಣ ಮಂಟಪದ ಬುಕಿಂಗ್ ಸಾಫ್ಟ್‌ವೇರು ಆವತ್ತು ಬೆಳಗ್ಗೆಯಷ್ಟೇ ಶುರುವಾಗಿತ್ತು. ಮನೆಯಲ್ಲೇ ಕುಳಿತು ಫೋನಿನಲ್ಲಿ ಹೆಸರು, ಊರು, ಓಣಿ ತುಂಬಿ ಯಾವ ದಿನ ಬೇಕೆಂದು ಕೇಳಬಹುದು. ಸಿಕ್ಕಿತೋ ಇಲ್ಲವೋ ತಕ್ಷಣ ಗೊತ್ತಾಗುತ್ತದೆ. ಕ್ರಾಂತಿಕುಮಾರ್ ಅದಕ್ಕಾಗಿ ಹೊಸದಾಗಿ ಬರೆದದ್ದು ತೀರ ಕಡಿಮೆ. ಹೆಸರು ತುಂಬಿಸಿಕೊಳ್ಳುವ ಭಾಗ ಕೊಟ್ಟೂರಿನ ಒಂದು ಶಾಲೆಗೆ ಮಾಡಿದ್ದು. ದಿನ ಹುಡುಕುವ ಭಾಗ ಹಡಗಲಿಯ ಹಲ್ಲಿನ ಡಾಕ್ಟರಿಗೆ ಮಾಡಿದ್ದು. ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು ಎಂದು ನೋಡಿ ಮೆಸೇಜು ಕಳಿಸುವ ಭಾಗವನ್ನು ಹರಪನಹಳ್ಳಿ ಕಡೆಯ ಕುರಿ ಸಂತೆಗೆಂದು ಮಾಡಿದ್ದ.

ಹಿಂದಿನ ವರ್ಷ ಕುರಿಗಳಿಗೆ ಕಾಲುಬಾಯಿ ಬೇನೆ ಬಂದಾಗ ವ್ಯಾಪಾರಿಗಳ ಸಂಘದ ಯರ್ರಿಸ್ವಾಮಿ ಕೇಳಿದ್ದ: "ಬ್ಯಾನಿ ಇರೋ ಊರಿನ ಕುರಿ ಸಂತಿಗೆ ಬರಬಾರ್ದು, ಹಂಗ ಮಾಡ್ರಿ." ಮಾಡಿದ. ಊರಿನ ಹೆಸರು ಬರೆಯುವ ಜಾಗವನ್ನು ಮಾತ್ರ ಖಾಲಿ ಬಿಟ್ಟಿದ್ದ. ಇವತ್ತು ಒಂದು ಊರು, ನಾಳೆ ಮತ್ತೊಂದು. ಯಾರು ಬೇಕಾದರೂ ತುಂಬಿಕೊಳ್ಳಲಿ. ಒಳ್ಳೆಯ ಬಿಡಿಭಾಗಕ್ಕೆ ತಾನು ಯಾರ ಕೆಲಸ ಮಾಡುತ್ತಿದ್ದೇನೆ ಎಂಬುದು ಗೊತ್ತಿರಬಾರದು ಎನ್ನುವುದು ಅವನ ಸಿದ್ಧಾಂತ. ಎಲ್ಲಿಂದ ಬಂತೆಂದು ಬಳಸುವವರಿಗೂ ಗೊತ್ತಾಗಬಾರದು. ಕೇಳಿದ್ದನ್ನು ಕೊಟ್ಟರೆ ಮುಗಿಯಿತು.

ಈ ಸಿದ್ಧಾಂತವನ್ನು ಅವನು ತನ್ನ ಮೇಲೂ ಪ್ರಯೋಗಿಸಿಕೊಂಡಿದ್ದ. ಅವನ ಕಾರ್ಡಿನಲ್ಲಿದ್ದ ಹೆಸರು ಕೆ. ಕುಮಾರ್. ಅಪ್ಪ ಭೀಮರಾಜ ಅಷ್ಟು ಆಸೆಯಿಂದ ಇಟ್ಟ ಕ್ರಾಂತಿ ಒಂದು ಅಕ್ಷರ, ಒಂದು ಚುಕ್ಕಿಯಾಗಿತ್ತು. ಮೊದಲ ದಿನವೇ ಶಿವಯೋಗಿ, "ನಿಮ್ದು ಯಾವ ಪೈಕಿ ಸರ್?" ಎಂದಾಗ, "ಕೂಡ್ಲಿಗಿ ಕಡೆ," ಎಂದಿದ್ದ. ಕೇಳಿದ್ದು ಜಾತಿ, ಹೇಳಿದ್ದು ಊರು. ಉಳಿದದ್ದನ್ನು ಶಿವಯೋಗಿಯವರೇ ತಮಗೆ ಹಿತವಾಗುವಂತೆ ತುಂಬಿಕೊಂಡಿದ್ದರು. ಬೌದ್ಧರು ಎಂದು ಎದೆಯುಬ್ಬಿಸಿ ಹೇಳುತ್ತಿದ್ದ ಅಪ್ಪನ ನೆನಪಾಗಿ ಆ ದಿನ ಊಟ ಸೇರಿರಲಿಲ್ಲ. ಮರುದಿನ ಸೇರಿತು.

"ಎಲ್ಲಿ ಬರೀಬೇಕ್ರಿ?" ಶಿವಯೋಗಿ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಇಲ್ಲಿ. ಈ ಖಾಲಿ ಜಾಗದಲ್ಲಿ."

ಅವರು ಒಂದೊಂದೇ ಕೀಲಿ ಹುಡುಕಿ ಒತ್ತಿದರು. ಸಿದ್ಧಾರ್ಥ ನಗರ.

"ಆ ಮಂದೀದು ಎಲ್ಲಾ ಊರಾಗೂ ಈ ಹೆಸರಿನ ಓಣಿ ಒಂದು ಇರ್ತೈತಿ ನೋಡ್ರಿ, ಅನುಕೂಲ. ಬಾಯಿಲೆ ಇಲ್ಲ ಅಂದ್ರ ಕೇಸು. ಕಂಪ್ಯೂಟರು ಇಲ್ಲ ಅಂದ್ರ ಯಾರ ಮ್ಯಾಲೆ ಹಾಕ್ತಾರ? ಹಾವೂ ಸಾಯಬಾರ್ದು, ಕೋಲೂ ಮುರಿಬಾರ್ದು."

ಚಹಾ ಬಂತು. ಪೇಪರ್ ಕಪ್ಪು. ಪೇಪರ್ ಕಪ್ಪು ಬಂದಮೇಲೆ ಯಾರಿಗೆ ಯಾವ ಲೋಟ ಎಂದು ಯಾರೂ ಯಾರನ್ನೂ ಏನೂ ಕೇಳಬೇಕಾಗಿಲ್ಲ. ಚಹಾ ಕುಡಿದ. ಬಾಗಿಲು ಮಾಡುವ ಬಡಗಿ ಯಾರನ್ನು ಹೊರಗಿಡುತ್ತೀರಿ ಎಂದು ಮನೆಯವರನ್ನು ಕೇಳುತ್ತಾನೆಯೇ? ಇಲ್ಲ. ಆದರೆ ಆ ಬಡಗಿಯ ಮನೆ ಸಿದ್ಧಾರ್ಥ ನಗರದಲ್ಲಿ ಇರುವುದಿಲ್ಲ.

"ಹೋ! ಹಿಡೀತು, ಹಿಡೀತು!" ಶಿವಯೋಗಿ ಪರದೆ ನೋಡಿ ಮೇಜು ತಟ್ಟಿದರು. "ಹೆಂಗ ಹಿಡೀತು ನೋಡ್ರಿ! ಕೂಡ್ಲಿಗಿ ಕಡೀದು. ಮಾಲಾ ಅಂತ."

ಕಪ್ಪು ಕೈಯಲ್ಲೇ ಸೊಟ್ಟಗಾಯಿತು.

ಜೇಬಿನಲ್ಲಿ ಫೋನು ನಡುಗಿತು. ಅವನು ಎದ್ದು ಆಫೀಸಿನಾಚೆ, ವೇದಿಕೆಯ ಕಡೆ ಹೋದ. ಮುಗಿದ ಮದುವೆಯ ಅಲಂಕಾರ ಬಿಚ್ಚುತ್ತಿದ್ದರು.

"ಅಣ್ಣ, ಎಲ್ಲಿದಿ?" ಮಾಲಾ.

"ಕೆಲಸದಾಗ. ಹೇಳು."

"ನನ್ನ ಮದಿವಿಗೆ ನಿನ್ನ ಮಂಟಪದಾಗ ದಿನ ಕೇಳಿದೆ. ಖಾಲಿ ಇಲ್ಲಂತ. ಹಿಂದಽ ಒಂದು ಮೆಸೇಜು ಬಂತು. ಓದ್ಲಾ?"

"ಬ್ಯಾಡ ಬಿಡು. ಆಮ್ಯಾಲೆ..."

"'ನಿಮ್ಮ ಭಾಗದಲ್ಲಿ ರೋಗ ಕಂಡುಬಂದಿದೆ. ವಾಸಿಯಾದ ಮೇಲೆ ಬನ್ನಿ.' ನಾನು ನರ್ಸ್ ಅದೀನಿ ಅಣ್ಣ. ಯಾವ ರೋಗ?"

ಪರದೆಯ ಮೇಲೆ ಬರುವ ಮಾತನ್ನು ಬದಲಿಸಿದ್ದ. ಫೋನಿಗೆ ಹೋಗುವ ಮೆಸೇಜು ಕುರಿಗಳದ್ದೇ ಉಳಿದಿತ್ತು. ಒಳಗೆ ಏನಿದೆ ಎಂದು ನೋಡದೆ ಜೋಡಿಸುವುದೇ ಜಾಣತನ ಎಂದು ನಂಬಿದವನು ಒಳಗೆ ನೋಡಿರಲಿಲ್ಲ.

"ಏನೋ ತಪ್ಪಾಗೈತಿ."

"ತಪ್ಪಾಗಿದ್ರ ಸರಿ ಮಾಡು. ಸಂಜಿಕ ಹಡಗಲಿಯಿಂದ ಗಂಡಿನ ಮನಿಯವರು ಬರ್ತಾರ. ನಮ್ಮಣ್ಣ ಮಾಡಿದ್ದು ಅದು, ದಿನ ಸಿಕ್ಕಽ ಸಿಗ್ತೈತಿ ಅಂತ ಹೇಳಿಬಿಟ್ಟೀನಿ. ಓನರ್ರು ಅಲ್ಲೇ ಇದ್ರ, ನನ್ನ ತಂಗಿ ಅಂತ ಒಂದು ಮಾತು ಅನ್ನು. ಅಷ್ಟಽ."

"ನೋಡ್ತೀನಿ."

"ನೋಡ್ತೀನಿ ಅನ್ನಬ್ಯಾಡ. ಅಂತೀನಿ ಅನ್ನು."

"ಇಡು, ಕರೀಲಿಕ್ಹತ್ಯಾರ." ಯಾರೂ ಕರೆದಿರಲಿಲ್ಲ.

ನನ್ನ ತಂಗಿ. ಎರಡೇ ಮಾತು. ಆಫೀಸಿಗೆ ನಡೆಯುತ್ತ ಮನಸ್ಸಿನಲ್ಲೇ ಹೇಳಿ ನೋಡಿದ. ಸಲೀಸಾಗಿ ಬಂತು. ಹೇಳಿದ ಮೇಲೆ ಏನಾಗುತ್ತದೆ? ಶಿವಯೋಗಿ ಬೈಯುವುದಿಲ್ಲ. ಬೈದರೆ ಒಳ್ಳೆಯದಿತ್ತು. "ಅಯ್ಯ, ಮೊದಲಽ ಹೇಳಬಾರ್ದಾ ಸರ್" ಎಂದು ನಗುತ್ತಾರೆ. ದಿನವನ್ನೂ ಕೊಟ್ಟಾರು. ಆಮೇಲೆ ಕೊಟ್ಟೂರಿನಲ್ಲಿ ತನಗೆ ಮನೆ ಬಾಡಿಗೆ ಕೊಟ್ಟವರಿಗೆ ಹೇಗೋ ತಿಳಿಯುತ್ತದೆ, ಹಲ್ಲಿನ ಡಾಕ್ಟರಿಗೆ ತಿಳಿಯುತ್ತದೆ. ಎಲ್ಲರೂ ನಗುತ್ತಲೇ ಇರುತ್ತಾರೆ.

"ಯಾವ ಮೆಸೇಜು ಹೋಗೈತಿ, ತೋರಿಸ್ರಿ," ಎಂದರು ಶಿವಯೋಗಿ ಉಮೇದಿನಿಂದ.

ಮುಚ್ಚಿಡಬಹುದಿತ್ತು. ತೋರಿಸಿದ. ಅದೊಂದೇ ಅವನ ಅಂದಿನ ಧೈರ್ಯ.

ಓದಿದವರ ಮುಖ ಇಳಿಯಿತು. "ಅಯ್ಯಯ್ಯಪ್ಪಾ! ರೋಗ ಅಂತ ಬರದ್ರಲ್ರಿ! ನಾ ಏನ್ ಹೇಳಿದ್ದೆ, ನೀವು ಏನ್ ಮಾಡೀರಿ? ಆ ಹುಡುಗಿ ಇದನ್ನ ನಾಕು ಮಂದಿಗೆ ತೋರಿಸಿದ್ರ ನಾನು ಸ್ಟೇಷನ್ನಿನಾಗ!"

"ಅದು ಕುರಿಗಳಿಗೆ ಬರೆದದ್ದು."

"ಕುರಿಗೆ ಬರದದ್ದು ಮನುಷ್ಯಾರಿಗೆ ಯಾಕ ಹಚ್ಚಿದ್ರಿ? ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಿದ್ರಂತ!"

ಅದನ್ನು ಈ ಮನುಷ್ಯ ಹೇಳಬೇಕೆ ಎಂದು ಅವನಿಗೆ ನಗು ಬಂತು. ನಗಲಿಲ್ಲ. ಒಳಗಿನ ಮಾತನ್ನು ಅಳಿಸಿ, 'ಕ್ಷಮಿಸಿ, ಆ ದಿನ ಖಾಲಿ ಇಲ್ಲ' ಎಂದು ತುಂಬಿದ. ಬಾಗಿಲು ಬಾಗಿಲಾಗಿಯೇ ಇತ್ತು, ಬಣ್ಣ ಮಾತ್ರ ಬೇರೆಯಾಯಿತು.

"ಈಗ ಆ ಹುಡುಗಿಗೆ ಫೋನ್ ಹಚ್ಚಿ, ಕಂಪ್ಯೂಟರಿನ ತಪ್ಪು, ಕ್ಷಮಿಸಿ ಅನ್ರಿ. ಅಕಸ್ಮಾತ್ ದಿನ ಕೇಳಿದ್ರ ಖಾಲಿ ಇಲ್ಲ ಅನ್ರಿ."

"ನೀವೇ ಮಾತಾಡಿ."

"ನಾ ಮಾತಾಡಿದ್ರ ಗೊತ್ತಾಗ್ತೈತಿ. ನಿಮ್ಮದು ಪುಸ್ತಕದ ಮಾತು. ಯಾರು, ಎಲ್ಲಿಯವರು, ಒಂದೂ ತಿಳಿಯಂಗಿಲ್ಲ." ಆಫೀಸಿನ ಫೋನಿನಲ್ಲಿ ನಂಬರು ಒತ್ತಿ, ಸ್ಪೀಕರ್ ಹಾಕಿ, ಮೇಜಿನ ನಡುವೆ ಇಟ್ಟರು.

ಗಂಟೆ ಹೋಗುತ್ತಿತ್ತು. ಈಗ ಹೇಳಬಹುದು. ಈಗಲೂ. ಎತ್ತದಿರಲಿ, ಎತ್ತದಿರಲಿ ಎಂದುಕೊಂಡ.

"ಹಲೋ, ಯಾರ್ರಿ?"

ಶಿವಯೋಗಿ ಕೈಸನ್ನೆ ಮಾಡಿದರು: ಹೂಂ, ಮಾತಾಡ್ರಿ.

"ಮೇಡಂ... ಕಲ್ಯಾಣ ಮಂಟಪದಿಂದ ಮಾತನಾಡುತ್ತಿದ್ದೇವೆ. ನಿಮಗೆ ಬಂದ ಸಂದೇಶ ಕಂಪ್ಯೂಟರಿನ ತಪ್ಪು. ಕ್ಷಮಿಸಬೇಕು."

ಆ ಕಡೆ ಆಸ್ಪತ್ರೆಯಲ್ಲಿ ಯಾರೋ ಯಾರನ್ನೋ ಕರೆಯುತ್ತಿದ್ದುದು ಮಾತ್ರ ಕೇಳುತ್ತಿತ್ತು. ಒಂದೇ ಒಂದು ಸಲ ಅಣ್ಣ ಎಂದು ಚೀರಿಬಿಡು ಮಾಲಾ ಎಂದು ಅವನು ಒಳಗೊಳಗೇ ಬೇಡಿಕೊಂಡ. ನಿನ್ನ ಒಂದು ಮಾತಿನಿಂದ ಎಲ್ಲ ಮುಗಿಯುತ್ತದೆ, ನನ್ನಿಂದಂತೂ ಆಗುವುದಿಲ್ಲ.

"ಹೌದ್ರಿ?" ಎಂದಳು ಮಾಲಾ. ದನಿ ಸಮವಾಗಿತ್ತು, ರೋಗಿಯ ಕಡೆಯವರೊಡನೆ ಮಾತಾಡುವಂತೆ. "ತಪ್ಪಿದ್ರ ಇರ್ಲಿ ಬಿಡ್ರಿ. ದಿನ ಐತೇನ್ರಿ ಸರ್?"

ಶಿವಯೋಗಿ ತಲೆಯಲ್ಲಾಡಿಸಿದರು.

"ಖಾಲಿ ಇಲ್ಲ ಮೇಡಂ."

"ಆತ್ರಿ ಸರ್. ನಿಮ್ಮ ಹೆಸರೇನ್ರಿ?"

"ಕುಮಾರ್."

"ಆತ್ರಿ ಕುಮಾರ್ ಸರ್. ಇಡ್ತೀನ್ರಿ."

ಫೋನು ಕಟ್ಟಾಯಿತು. ಹುಟ್ಟಿದಾಗಿನಿಂದ ಅವಳು ಅವನನ್ನು ಬಹುವಚನದಲ್ಲಿ ಕರೆದಿರಲಿಲ್ಲ.

"ಚಲೋ ಹುಡುಗಿ ಪಾಪ. ಎಷ್ಟು ಮರ್ಯಾದಿಲೆ ಮಾತಾಡಿದ್ಲು," ಎಂದರು ಶಿವಯೋಗಿ ನಿಟ್ಟುಸಿರು ಬಿಟ್ಟು. "ಊಟ ಮಾಡ್ಕೊಂಡು ಹೋಗ್ರಿ ಸರ್. ನಮ್ಮನಿಯಾಗಽ. ನಿಮ್ಮಂಥವ್ರು ಬರಬೇಕು."

ಅವನು ಏನೋ ಗೊಣಗಿ ಹೊರಗೆ ಬಂದ. ಸಭಾಂಗಣದಲ್ಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ವೇದಿಕೆಯ ಮೇಲೆ ಮಂಟಪದ ಬಿಳಿ ಕಂಬಗಳು ನಿಂತಿದ್ದವು. ಬಳ್ಳಿ, ಆನೆ, ಗಿಳಿ ಎಲ್ಲ ಕೆತ್ತಿದ ಹಳೆಯ ಕಾಲದ ಕಲ್ಲಿನಂಥ ಕಂಬಗಳು. ತಂಗಿಯ ನಂಬರು ಒತ್ತಿ ಫೋನು ಕಿವಿಗಿಟ್ಟುಕೊಂಡು, ಒಂದು ಕಂಬಕ್ಕೆ ಕೈಯೂರಿದ.

"ಸರ್, ಸರ್, ಅದಕ್ಕ ಆತುಕೋಬ್ಯಾಡ್ರಿ!" ಅಲಂಕಾರ ಬಿಚ್ಚುತ್ತಿದ್ದ ಹುಲುಗೇಶ್ ಕೂಗಿದ. "ಫೈಬರ್ದು. ಒಳಗೇನಿಲ್ಲ."

ಗಂಟೆ ಹೋಗುತ್ತಲೇ ಇತ್ತು.

"ನಾಳಿಗೆ ಕೊಟ್ಟೂರಾಗ ಇದಾ ನಿಂದರ್ತೈತಿ. ನಾಡಿದ್ದು ಹಡಗಲ್ಯಾಗ. ಯಾರ ಮದಿವಿಗಾದ್ರೂ ನಡೀತೈತ್ರಿ ಇದು." ಬುಡದ ನಟ್ಟು ತಿರುಗಿಸಿ, ಕೂಸನ್ನು ಎತ್ತಿದಷ್ಟು ಹಗುರವಾಗಿ ಕಂಬವನ್ನು ಒಂದೇ ಕೈಯಲ್ಲಿ ಎತ್ತಿ, ಹೆಗಲಿಗೇರಿಸಿಕೊಂಡು ಹುಲುಗೇಶ್ ನಡೆದ. ಹಿಂದಿನ ತುದಿಯಲ್ಲಿ ದುಂಡನೆಯ ಕಪ್ಪು ತೂತು ಕಾಣುತ್ತಿತ್ತು.

ಕ್ರಾಂತಿಕುಮಾರನ ಕೈ ಕಂಬವಿದ್ದ ಜಾಗದಲ್ಲಿ, ಗಾಳಿಯಲ್ಲಿ, ಊರಿಕೊಂಡಂತೆಯೇ ಇತ್ತು. ಆ ಕಡೆ ಫೋನನ್ನು ಯಾರೂ ಎತ್ತಲಿಲ್ಲ.