ಒಂದೇ ಬ್ಯಾಗಿಗೆ ಎರಡು ಚೀಟಿ

"ಬೀಗದಣ್ಣ, ಸ್ವಲ್ಪ ಬನ್ನಿ ಇಲ್ಲಿ. ಒಂದೇ ಬ್ಯಾಗಿಗೆ ಎರಡು ಚೀಟಿ ಬಂದಿದೆ."

ರಕ್ತನಿಧಿಯ ಟೆಕ್ನೀಷಿಯನ್ ಹೆಂಗಸು ಎರಡು ಚೀಟಿಗಳನ್ನು ಒಳಗಿನ ಗಾಜಿಗೆ ಒತ್ತಿ ಹಿಡಿದಿದ್ದಳು. ಅವನು ಕುರ್ಚಿ ಬಿಟ್ಟು ಏಳಲಿಲ್ಲ, ನಕ್ಕ.

"ಹಾಗೆ ಬರೋಕೆ ಸಾಧ್ಯವೇ ಇಲ್ಲ ಅಕ್ಕ. ಕನ್ನಡಕ ಹಾಕ್ಕೊಂಡು ನೋಡಿ."

"ಹಾಕ್ಕೊಂಡೇ ಇದೀನಿ."

ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಈ ಮನುಷ್ಯನಿಗೆ ಬೀಗದಣ್ಣ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಫ್ರಿಜ್ಜಿನಲ್ಲಿರುವ ರಕ್ತದ ಲೆಕ್ಕವೆಲ್ಲ ಒಂದೇ ಫೈಲಿನಲ್ಲಿತ್ತು. ತುರ್ತು ವಿಭಾಗದ ಕೌಂಟರಿನವರು, ಹೆರಿಗೆ ವಿಭಾಗದ ಕೌಂಟರಿನವರು, ಇಬ್ಬರೂ ಅದರಿಂದಲೇ ಬ್ಯಾಗು ಕಾದಿರಿಸಬೇಕು. ಇಬ್ಬರೂ ಒಟ್ಟಿಗೆ ಕೈ ಹಾಕಿದರೆ ಎಡವಟ್ಟಾಗುತ್ತದೆಂದು ಅವನು ಆ ಫೈಲಿಗೆ ಬೀಗ ಹಾಕುವ ಸ್ಕ್ರಿಪ್ಟ್ ಎಂಬ ಚಿಕ್ಕ ಪ್ರೋಗ್ರಾಮು ಬರೆದಿದ್ದ. ಒಬ್ಬರ ಕೈಯಲ್ಲಿ ಬೀಗ ಇರುವಷ್ಟು ಹೊತ್ತು ಇನ್ನೊಬ್ಬರ ಸ್ಕ್ರಿಪ್ಟ್ ತೆಪ್ಪಗೆ ಕಾಯಬೇಕು. ಈ ಸಂಗತಿಯನ್ನು ಅವನು ಕ್ಯಾಂಟೀನಿನಲ್ಲಿ ಎಷ್ಟು ಸಲ ವಿವರಿಸಿದ್ದನೆಂದರೆ, ಅವನು ತಟ್ಟೆ ಹಿಡಿದು ಬರುವುದನ್ನು ಕಂಡರೆ ನರ್ಸುಗಳು ಬೇರೆ ಮೇಜಿಗೆ ಜಾಗ ಬದಲಿಸುತ್ತಿದ್ದರು. ಹೆಸರು ಮಾತ್ರ ಅವನಿಗೇ ಅಂಟಿಕೊಂಡಿತು.

ಎದ್ದು ಹೋಗಿ ನೋಡಿದ. ಓ ನೆಗೆಟಿವ್, ಫ್ರಿಜ್ಜಿನಲ್ಲಿ ಉಳಿದಿದ್ದ ಕೊನೆಯ ಬ್ಯಾಗು. ಎರಡು ಚೀಟಿಯಲ್ಲೂ ಅದರದ್ದೇ ನಂಬರು. ಒಂದು ಚೀಟಿ ತುರ್ತು ವಿಭಾಗದ ಹುಡುಗಿಯದು, ಸೈಕಲ್ಲಿನಲ್ಲಿ ಹೋಗುತ್ತಿದ್ದವಳಿಗೆ ಲಾರಿ ಗುದ್ದಿತ್ತು. ಇನ್ನೊಂದು ಹೆರಿಗೆ ವಿಭಾಗದ್ದು. ಅದರ ಮೇಲಿನ ಹೆಸರು ಓದಿದ ಮೇಲೆ ಅವನ ಮುಖದ ನಗು ಎಲ್ಲಿ ಹೋಯಿತೋ. ಅದು ಅವನ ತಮ್ಮನ ಹೆಂಡತಿ.

ಬೆಳಿಗ್ಗೆ ಅವಳು ತನ್ನ ಕಾಲ ಮೇಲೇ ನಡೆದುಕೊಂಡು ಒಳಗೆ ಹೋಗಿದ್ದಳು. "ನೋಡಿ ಭಾವ, ಬಟ್ಟೆ ಚೀಲ ಬಾಗಿಲಲ್ಲೇ ಇಟ್ಟಿದ್ದೆ, ಅದನ್ನೇ ಬಿಟ್ಟು ಬಂದಿದಾರೆ ನಿಮ್ಮ ತಮ್ಮ. ಎಂಥವರನ್ನ ಕಟ್ಕೊಂಡಿದೀನಿ ನಾನು," ಎಂದು ಎಲ್ಲರೆದುರೇ ಗಂಡನ ಮಾನ ಕಳೆದು ನಕ್ಕಿದ್ದಳು. ಹೆರಿಗೆಯಾದ ಮೇಲೆ ರಕ್ತ ನಿಲ್ಲುತ್ತಿಲ್ಲವೆಂದು ಯಾರೂ ಅವನಿಗೆ ಹೇಳಿರಲಿಲ್ಲ. ಹೇಳಬೇಕಾಗಿದ್ದ ತಮ್ಮ ಕಿಟಕಿಯಾಚೆ ನಿಂತಿದ್ದ. ಸ್ಕೂಲ್ ವ್ಯಾನ್ ಓಡಿಸುವವನು, ದಿನವಿಡೀ ಮಕ್ಕಳನ್ನು ಗದರಿಸಿ ಗದರಿಸಿ ಗಂಟಲು ದೊಡ್ಡದು. ಈಗ ಅದರಿಂದ ಪಿಸುಮಾತಷ್ಟೇ ಹೊರಟಿತು.

"ಅಣ್ಣ, ನೀನಿದ್ದೀಯಲ್ಲ. ಸಾಕು ಬಿಡು," ಎಂದ.

ತಮ್ಮನ ಪಕ್ಕದಲ್ಲಿ ಒಬ್ಬ ಸಣಕಲು ಮನುಷ್ಯ. ಮೊಣಕೈವರೆಗೂ ಸುಣ್ಣಬಣ್ಣ. ಯಾರದೋ ಮನೆಯ ಏಣಿಯಿಂದ ಇಳಿದು ಹಾಗೇ ಓಡಿ ಬಂದ ಪೇಂಟರ್, ಸೈಕಲ್ ಹುಡುಗಿಯ ಅಪ್ಪ. ಅವನು ಯಾರನ್ನೂ ಮಾತಾಡಿಸಲಿಲ್ಲ, ಒಳಗೆ ಮೇಜಿನ ಮೇಲಿದ್ದ ಬ್ಯಾಗನ್ನೇ ನೋಡುತ್ತಿದ್ದ.

ರಕ್ತನಿಧಿಯ ಮುಖ್ಯಸ್ಥೆ ಬಂದರು. ಎಲ್ಲರಿಗೂ ಅವರು ಬರೀ ಮೇಡಂ.

"ಎರಡೂ ಕಡೆ ಫೋನ್ ಮಾಡಿದೆ," ಎಂದರು. "ಇಬ್ಬರು ಡಾಕ್ಟರೂ ಈಗಲೇ ಬೇಕು ಅಂತಾರೆ, ಯಾರೂ ಬಿಟ್ಟುಕೊಡಲ್ಲ. ಪಕ್ಕದ ಊರಿಂದ ಇನ್ನೆರಡು ಬ್ಯಾಗ್ ಹೊರಟಿದೆ. ಅದು ಬರೋವರೆಗೆ ಇದರಿಂದ ಒಬ್ಬರನ್ನ ಹಿಡಿದಿಡಬಹುದು ಅಷ್ಟೇ. ಅರ್ಧರ್ಧ ಮಾಡಿದ್ರೆ ಇಬ್ಬರಿಗೂ ಸಾಲಲ್ಲ. ಯಾರು ಮೊದಲು ಕಾದಿರಿಸಿದ್ರೋ ಅವರ ಸ್ಯಾಂಪಲ್ ಜೊತೆ ಹೊಂದಿಸಿ ನೋಡೋದು. ನಮ್ಮಲ್ಲಿರೋ ನಿಯಮ ಅದೊಂದೇ." ಚೀಟಿಗಳನ್ನು ಕಣ್ಣಿನ ಹತ್ತಿರ ತಂದುಕೊಂಡರು. "ಹೆರಿಗೆಯವರದ್ದು ಮೊದಲು ಬಂದಿದೆ, ಸಮಯ ಹಾಕಿದೆ ಇಲ್ಲಿ. ಇದನ್ನ ನಂಬಬಹುದಾ? ನೋಡಿ ಹೇಳಿ."

"ಒಂದು ನಿಮಿಷ ಮೇಡಂ."

ಸೀಟಿಗೆ ಮರಳಿ ಪರದೆಯ ಮುಂದೆ ಕೂತ. ನೋಡುವ ಅಗತ್ಯವೇನೂ ಇರಲಿಲ್ಲ. ಏನಾಗಿದೆಯೆಂದು ಕೂರುವ ಮೊದಲೇ ಅವನಿಗೆ ಹೊಳೆದಿತ್ತು.

ಕಳೆದ ತಿಂಗಳು ಹೆರಿಗೆ ಕೌಂಟರಿನವರು ಅವನ ಜೀವ ತಿಂದಿದ್ದರು. ತುರ್ತು ವಿಭಾಗದ ಪ್ರಿಂಟರ್ ಹಳೆಯದು, ಮನಸ್ಸು ಬಂದಾಗಲೆಲ್ಲ ಕಾಗದ ಕಚ್ಚಿಕೊಳ್ಳುತ್ತದೆ. ಅಲ್ಲಿಯವರು ಕಾಗದ ಎಳೆದು ತೆಗೆಯುವವರೆಗೂ ಬೀಗ ಅವರ ಹತ್ತಿರವೇ, ಇತ್ತ ಹೆರಿಗೆ ಕೌಂಟರಿನ ಪರದೆ ಸತ್ತು ಕೂತಿರುತ್ತದೆ. "ನಿಮ್ಮ ಬೀಗ ಹಿಡ್ಕೊಂಡು ಅವರು ಅಲ್ಲಿ ಟೀ ಕುಡೀತಿರ್ತಾರೆ, ಇಲ್ಲಿ ಜನ ನಮ್ಮ ಜುಟ್ಟು ಹಿಡೀತಾರೆ," ಎಂದಿದ್ದರು. ಅವನಿಗೂ ಪಾಪ ಅನ್ನಿಸಿತು. ಕಾಯುವುದಕ್ಕೊಂದು ಮಿತಿ ಹಾಕಿದ. ಮಿತಿ ಮೀರಿದರೆ ಗಂಟೆ ಬಾರಿಸಿದಂತೆ ಒಂದು ಸಂಕೇತ ಬಂದು ಕಾಯುತ್ತಿರುವ ಸ್ಕ್ರಿಪ್ಟನ್ನು ಎಬ್ಬಿಸುತ್ತದೆ. ಎದ್ದ ಸ್ಕ್ರಿಪ್ಟ್, ಬೀಗ ಸಿಗಲಿಲ್ಲವೆಂದು ಹೇಳಿ ಅಲ್ಲಿಗೇ ನಿಲ್ಲಬೇಕು. ಆದರೆ ಎದ್ದದ್ದು ಬೀಗ ಸಿಕ್ಕಿದ್ದಕ್ಕೋ ಹೊತ್ತು ಮೀರಿದ್ದಕ್ಕೋ ಎಂದು ಮೊದಲು ವಿಚಾರಿಸಿಕೊಳ್ಳಬೇಕಲ್ಲ? ವಿಚಾರಿಸುವ ಆ ಸಾಲನ್ನು ಅವನು ನಾಳೆ ಬರೆದರಾಯಿತು ಎಂದುಕೊಂಡಿದ್ದ. ಅಲ್ಲಿಯವರೆಗೆ ಸ್ಕ್ರಿಪ್ಟ್ ಬರಿಗೈಯಲ್ಲಿ ಎದ್ದು, ಬೀಗ ಕೈಯಲ್ಲಿದೆಯೆಂದೇ ನಂಬಿ ಒಳಗೆ ನುಗ್ಗುತ್ತಿತ್ತು. ಇಷ್ಟು ದಿನ ಹಾಗೆ ನುಗ್ಗಿದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಏಕೆಂದರೆ ಫ್ರಿಜ್ಜಿನ ತುಂಬ ಬ್ಯಾಗುಗಳಿದ್ದವು, ಇಬ್ಬರೂ ಒಂದೇ ಬ್ಯಾಗಿಗೆ ಕೈ ಹಾಕಿರಲಿಲ್ಲ.

ಇವತ್ತು ತುರ್ತು ಕೌಂಟರಿನವರು ಬೀಗ ಹಿಡಿದು ಪೇಂಟರನ ಮಗಳಿಗೆ ಆ ಬ್ಯಾಗನ್ನು ಆರಿಸಿದ್ದರು. ಪ್ರಿಂಟರ್ ಕಾಗದ ಕಚ್ಚಿಕೊಂಡಿತು. ಚೀಟಿ ಬರುವವರೆಗೂ ಫೈಲಿನಲ್ಲಿ ಆ ಬ್ಯಾಗು ಯಾರೂ ಕಾದಿರಿಸದಂತೆಯೇ ಕಾಣುತ್ತದೆ. ಅವರು ಕಾಗದ ಎಳೆಯುತ್ತಿದ್ದ ಹೊತ್ತಿನಲ್ಲಿ ಹೆರಿಗೆ ಕೌಂಟರಿನ ಮಿತಿ ಮುಗಿದು, ಆ ಸ್ಕ್ರಿಪ್ಟ್ ನುಗ್ಗಿ, ಅದೇ ಬ್ಯಾಗನ್ನು ಆರಿಸಿ, ತನ್ನ ಹೊಸ ಪ್ರಿಂಟರಿನಲ್ಲಿ ಸರಾಗವಾಗಿ ಚೀಟಿ ಹೊಡೆದಿತ್ತು. ಚೀಟಿಯ ಮೇಲೆ ಬೀಳುವುದು ಮುದ್ರಣದ ಸಮಯ. ಹಾಗಾಗಿ ಆಮೇಲೆ ಬಂದವಳು ಕಾಗದದ ಮೇಲೆ ಮುಂದಾಗಿದ್ದಳು.

ಬ್ಯಾಗು ಪೇಂಟರನ ಮಗಳದು. ಇದನ್ನು ಹೇಳಬಲ್ಲವನು ಆ ಕಟ್ಟಡದಲ್ಲಿ ಒಬ್ಬನೇ ಇದ್ದ.

ಹೇಳಬೇಕೆಂದೇ ಎದ್ದು ಬಂದ. ಮೇಡಂ ಕೈಗಡಿಯಾರ ನೋಡಿಕೊಂಡರು. ತಮ್ಮ ಕಿಟಕಿಯ ಸರಳು ಹಿಡಿದುಕೊಂಡು, ಚಿಕ್ಕವನಿದ್ದಾಗ ಶಾಲೆಯ ಗೇಟಿನಲ್ಲಿ ಅಣ್ಣನಿಗಾಗಿ ನಿಲ್ಲುತ್ತಿದ್ದ ಹಾಗೇ ನಿಂತಿದ್ದ.

"ಮೇಡಂ, ಅದು..."

"ಬೇಗ ಹೇಳಿ. ಸಮಯ ಸರಿಯಾಗಿದೆಯಾ?"

"ಸರಿಯಾಗಿದೆ."

ಸುಳ್ಳೇನಲ್ಲ, ಸಮಯ ಸರಿಯಾಗಿಯೇ ಇತ್ತು. ಈ ಸಮಾಧಾನ ಅಷ್ಟು ಬೇಗ ತಲೆಗೆ ಬಂದದ್ದಕ್ಕೆ ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

ಮೇಡಂ ಪೇಂಟರನ ಕಡೆ ತಿರುಗಿದರು. "ಅವರದು ನಿಮಗಿಂತ ಮುಂಚೆ ಆಗಿದೆ ಕಣ್ರೀ. ನಿಮ್ಮದು ದಾರೀಲಿದೆ, ಬಂದ ತಕ್ಷಣ ಕೊಡ್ತೀವಿ."

"ಆಗಲಿ ಮೇಡಂ," ಎಂದ ಪೇಂಟರ್. "ಎಷ್ಟು ಹೊತ್ತಾಗಬಹುದು?"

ಯಾರಿಗೂ ಗೊತ್ತಿರಲಿಲ್ಲ. ಅವನು ತುರ್ತು ವಿಭಾಗದ ಕಡೆಗೆ ಓಡುನಡಿಗೆಯಲ್ಲಿ ಹೋದ.

ಸ್ಯಾಂಪಲ್ ಹೊಂದಿಸಿ ನೋಡಲು ಮುಕ್ಕಾಲು ಗಂಟೆಯಾದರೂ ಬೇಕು. ಅಂದರೆ ಬಾಯಿ ಬಿಡಲು ಇನ್ನೂ ಕಾಲ ಮೀರಿರಲಿಲ್ಲ. ಗೋಡೆಯಾಚೆ ಟೆಕ್ನೀಷಿಯನ್ ಅಕ್ಕ ಕೆಲಸ ಶುರು ಮಾಡಿದ್ದು ಕೇಳಿಸುತ್ತಿತ್ತು. ಅವನು ಕೂತು ಸ್ಕ್ರಿಪ್ಟ್ ತಿದ್ದತೊಡಗಿದ.

ಮೊದಲು ಆ ಸಾಲು ಬರೆದ. ಕಾಯುವುದು ಮುಗಿದಾಗಲೆಲ್ಲ ಬೀಗ ನಿಜವಾಗಿ ಕೈಗೆ ಬಂತೇ ಎಂದು ಕೇಳುವ ಸಾಲು, ಬರದಿದ್ದರೆ ಅಲ್ಲಿಗೇ ನಿಲ್ಲಿಸುವ ಸಾಲು. ಕೌಂಟರಿನವರು ತಾಳ್ಮೆಗೆಟ್ಟು ಸ್ಕ್ರಿಪ್ಟನ್ನು ನಡುವೆ ನಿಲ್ಲಿಸಿದರೂ, ಕಂಪ್ಯೂಟರೇ ಅದನ್ನು ಕೊಂದರೂ, ಸಾಯುವ ಮುಂಚೆ ಸ್ಕ್ರಿಪ್ಟ್ ತನ್ನ ಬೀಗ ಬಿಟ್ಟು ಸಾಯುವಂತೆ ಮಾಡಿದ. ಚೀಟಿ ಹೊಡೆಯುವುದಕ್ಕೆ ಮೊದಲೇ ಬ್ಯಾಗಿನ ಮುಂದೆ ಹೆಸರು ಬೀಳುವಂತೆ ಮಾಡಿದ. ಆಮೇಲೆ ಪರದೆಯ ಒಂದು ಕಿಟಕಿಯಲ್ಲಿ ಬೀಗ ಹಿಡಿದಿಟ್ಟು ಇನ್ನೊಂದರಲ್ಲಿ ಓಡಿಸಿ ನೋಡಿದ. ಮಿತಿ ಮುಗಿಯಿತು. "ಬೀಗ ಸಿಗಲಿಲ್ಲ, ಮತ್ತೆ ಪ್ರಯತ್ನಿಸಿ" ಎಂದು ಅಚ್ಚುಕಟ್ಟಾಗಿ ಬಂತು. ನಡುವೆ ಕೊಂದು ನೋಡಿದ, ಬೀಗ ಬಿಟ್ಟಿತು. ಎಷ್ಟು ಸಲ ಮಾಡಿದರೂ ತಪ್ಪಲಿಲ್ಲ. ಇಷ್ಟು ಚೊಕ್ಕವಾದ ಕೆಲಸವನ್ನು ಅವನು ಈ ಆಸ್ಪತ್ರೆಯಲ್ಲಿ ಒಂದು ದಿನವೂ ಮಾಡಿರಲಿಲ್ಲ.

ಟೆಕ್ನೀಷಿಯನ್ ಅಕ್ಕ ಬ್ಯಾಗಿನ ಪೆಟ್ಟಿಗೆ ಹಿಡಿದು ಹೊರಬಂದಳು. ಅವನು ಕುರ್ಚಿ ಸರಿಸಿ ಎದ್ದು ನಿಂತ.

"ಏನಣ್ಣ?"

ಅವಳು ನಿಜಕ್ಕೂ ನಿಂತಳು. ಅವನ ಮುಖ ನೋಡಿ ಕಾದಳು.

"ಏನಿಲ್ಲ ಅಕ್ಕ. ಹುಷಾರು, ಮೆಟ್ಟಿಲು ಒರೆಸಿದಾರೆ, ಒದ್ದೆ ಇದೆ."

ಮಧ್ಯಾಹ್ನದ ಹೊತ್ತಿಗೆ ತಮ್ಮನ ಫೋನ್ ಬಂತು. "ಅಣ್ಣ, ರಕ್ತ ನಿಂತಿದೆಯಂತೆ. ಕಣ್ಣು ಬಿಟ್ಟಳು. ಬಟ್ಟೆ ಚೀಲ ತಂದ್ರಾ ಅಂತ ಬೈದಳು ಕಣೋ." ಆಮೇಲೆ ಮಾತಾಡಲಾಗದೆ ಅತ್ತುಬಿಟ್ಟ. ಅವನಿಗೂ ಅಳು ಬಂತು. ಸಂತೋಷದ ಅಳುವೇ, ಅದರಲ್ಲಿ ಮೋಸವಿರಲಿಲ್ಲ. ಬಚ್ಚಲುಮನೆಗೆ ಹೋಗಿ ಮುಖ ತೊಳೆದುಕೊಂಡ. ಕನ್ನಡಿ ನೋಡಲಿಲ್ಲ.

ಪಕ್ಕದ ಊರಿನ ಪೆಟ್ಟಿಗೆ ಅದಾದ ಮೇಲೆ ಬಂತು. ಅದರ ಹಿಂದೆಯೇ ಎಂಬಂತೆ ಪೇಂಟರ್ ಬಂದ. ಟೆಕ್ನೀಷಿಯನ್ ಅಕ್ಕ ಊಟಕ್ಕೆ ಹೋಗಿದ್ದಳು, ಕಿಟಕಿಯಲ್ಲಿ ಬೀಗದಣ್ಣನೇ ಕೂತಿದ್ದ.

"ಬಂತು, ಬಂತು," ಎಂದು ಅವನು ಆತುರದಲ್ಲಿ ಎದ್ದ. "ಈಗಷ್ಟೇ ಬಂತು. ಇನ್ನೇನು ಅವರನ್ನ ಕರೀತೀನಿ..."

"ಬೇಡ ಸರ್." ದಾರಿಯಲ್ಲಿದ್ದ ಬ್ಯಾಗಿಗೆ ಮಗಳ ಹೆಸರಲ್ಲಿ ಹೊಡೆದುಕೊಟ್ಟಿದ್ದ ಹೊಸ ಚೀಟಿಯನ್ನು ಪೇಂಟರ್ ಕಿಟಕಿಯೊಳಗೆ ತಳ್ಳಿದ. "ರದ್ದು ಮಾಡಿಸಿಕೊಂಡು ಬನ್ನಿ ಅಂದ್ರು. ಇಲ್ಲದಿದ್ರೆ ಬೇರೆಯವರಿಗೆ ಕೊಡೋಕಾಗಲ್ಲವಂತೆ. ಮಗಳು ಹೋದಳು."

ಕಾದಿರಿಸಿದವರ ಕಡೆಯವರೇ ಬಂದು ರದ್ದು ಮಾಡಿಸಬೇಕೆಂಬ ನಿಯಮವನ್ನು ಸ್ಕ್ರಿಪ್ಟಿಗೆ ಸೇರಿಸಿದವನು ಬೀಗದಣ್ಣನೇ. ಅವನು ಕೂತು ನಂಬರು ಹೊಡೆದ. ಬೀಗ ಸಿಕ್ಕಿತು, ಹೆಸರು ಅಳಿಯಿತು, ಬೀಗ ಬಿಟ್ಟಿತು. ಒಂದು ಕ್ಷಣವೂ ಹಿಡಿಯಲಿಲ್ಲ.

"ಆಯ್ತು," ಎಂದ.

ಪೇಂಟರ್ ಹೋಗಲಿಲ್ಲ. "ಆ ಇನ್ನೊಬ್ಬರು? ಹೆರಿಗೆಯವರು?"

"ಪರವಾಗಿಲ್ಲ. ಉಳಿದರು."

"ಮಗು?"

"ಹೆಣ್ಣು ಮಗು."

"ಒಳ್ಳೇದಾಯ್ತು," ಎಂದು ಪೇಂಟರ್ ತಲೆಯಾಡಿಸಿದ. "ಅವರ ಮನೆಯವರು ಪಾಪ ಬೆಳಿಗ್ಗೆ ನನ್ನ ಮುಖ ನೋಡೋಕೇ ಹೆದರ್ತಿದ್ರು. ಸಿಕ್ಕಿದ್ರೆ ಹೇಳಿ ಸರ್, ಮನಸ್ಸಿಗೆ ಹಚ್ಕೋಬೇಡಿ ಅಂತ. ಮುಂಚೆ ಬಂದವರು ಅವರು. ನನ್ನ ಹೆಂಡತಿ ಕಿರುಚಾಡ್ತಾ ಇದ್ದಾಳೆ, ದುಡ್ಡು ತಿಂದು ಕೊಟ್ಟುಬಿಟ್ರು ಅಂತ. ಇಲ್ಲ ಕಣೇ, ಅಲ್ಲೊಬ್ಬರು ಒಳಗೆ ಹೋಗಿ, ಕೂತು, ಕಂಪ್ಯೂಟರಲ್ಲಿ ನೋಡಿ ಬಂದು ಹೇಳಿದ್ರು, ನನ್ನ ಕಣ್ಣೆದುರಿಗೇ ಆಯ್ತು ಅಂದೆ."

ಬೀಗದಣ್ಣ ರದ್ದಾದ ಚೀಟಿಯನ್ನು ಎರಡಾಗಿ ಮಡಚಿದ.

"ಬರ್ತೀನಿ ಸರ್," ಎಂದು ಪೇಂಟರ್ ಹೊರಟ.

ಕಿಟಕಿಯಿಂದ ಕಾರಿಡಾರಿನ ಕೊನೆಯವರೆಗೂ ಕಾಣುತ್ತಿತ್ತು. ಲಿಫ್ಟಿನ ಮುಂದೆ ಜನ ಗುಂಪು ಕಟ್ಟಿದ್ದರು, ಊಟದ ಡಬ್ಬಿ ಹಿಡಿದವರು, ಮೊಮ್ಮಗುವನ್ನು ನೋಡಲು ಬಂದವರು. ಪೇಂಟರ್ ಅವರ ಹಿಂದೆ ಹೋಗಿ ನಿಂತ. ಲಿಫ್ಟ್ ಬಂದು ಬಾಗಿಲು ತೆರೆಯಿತು, ಎಲ್ಲರೂ ಒತ್ತಿಕೊಂಡು ಒಳಗೆ ಹೋದರು. ಇನ್ನೊಬ್ಬರಿಗೆ ಜಾಗವಿದೆ ಬನ್ನಿ ಎಂದು ಒಳಗಿನಿಂದ ಯಾರೋ ಕೈಬೀಸಿ ಕರೆದರು. ಅಷ್ಟರಲ್ಲಿ ಪಕ್ಕದಿಂದ ಒಬ್ಬ ಓಡಿ ಬಂದ. ಪೇಂಟರ್ ಪಕ್ಕಕ್ಕೆ ಸರಿದು ಅವನನ್ನು ಒಳಗೆ ಬಿಟ್ಟ. ಬಾಗಿಲು ಮುಚ್ಚಿತು. ಅವನು ಅಲ್ಲೇ, ಮುಚ್ಚಿದ ಬಾಗಿಲಿನ ಮುಂದೆ ನಿಂತುಕೊಂಡ.